ವಾಸಿ ಮಾಡುವ ಕುಂಚ

ಸಿ.ಡಿ.ಯ ಜೊತೆ ಬಂದ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಫೋಟೋ ತಿದ್ದುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಅದು. ಎರಡು ಸಾವಿರದ ಎರಡೋ ಮೂರೋ ಇರಬೇಕು. ತಿಪಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಸ್ಟುಡಿಯೋದಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರತೊಡಗಿ ಆಗ ಎರಡು ವರ್ಷವಾಗಿತ್ತು ಎಂಬ ಅಂದಾಜಿನಿಂದ ಹೇಳುತ್ತಿದ್ದೇನೆ. ಆ ಅಂದಾಜೂ ತಪ್ಪಿರಬಹುದು. ಪಟ್ಟಿಯ ಮೊದಲ ಭಾಗದಲ್ಲಿ ಹೊಸದಾಗಿ ಏನೇನು ಸೇರಿಸಿದ್ದಾರೆ ಎಂದಿತ್ತು. ಎರಡನೆಯದರಲ್ಲಿ ಹಿಂದಿನ ಆವೃತ್ತಿಯಲ್ಲಿ ಏನೇನು ತಪ್ಪಿತ್ತು, ಯಾವುದನ್ನು ಸರಿಪಡಿಸಿದ್ದಾರೆ ಎಂದಿತ್ತು.

ಸ್ಟುಡಿಯೋದ ಯಜಮಾನರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನೆಗೆಟಿವಿನ ಮೇಲೆ ಸೀಸದ ಕಡ್ಡಿ ಆಡಿಸಿ ಮೊಡವೆ ಮುಚ್ಚುತ್ತಿದ್ದ ಕಾಲದವರು. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಕಲೆಯ ಮೇಲೆ ಒತ್ತಿದರೆ ಬೇರೆಡೆಯ ಚರ್ಮವನ್ನು ತಂದು, ಅಲ್ಲಿಯ ಬಣ್ಣಕ್ಕೂ ಬೆಳಕಿಗೂ ತಾನೇ ಹೊಂದಿಸಿ ಕೂರಿಸುವ ಒಂದು ಕುಂಚ ಹೊಸದಾಗಿ ಬಂದಿತ್ತು. ಇಂಗ್ಲಿಷಿನ ಹೆಸರನ್ನು ‘ವಾಸಿ ಮಾಡುವ ಕುಂಚ’ ಎಂದು ಹೇಳಿದೆ. ಮಾಡಿದ ಕೆಲಸವನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟುಕೊಂಡು, ಬೇಕಾದಷ್ಟು ಹೆಜ್ಜೆ ಹಿಂದಕ್ಕೆ ಹೋಗಲು ಬಿಡುವ ಅನುಕೂಲವನ್ನು ಹಿಗ್ಗಿಸಿದ್ದರು. ದೊಡ್ಡ ಫೈಲು ತೆರೆದರೆ ಪ್ರೋಗ್ರಾಂ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತಿದ್ದುದು, ಪ್ರಿಂಟಿನಲ್ಲಿ ಮುಖ ಹಸಿರಾಗುತ್ತಿದ್ದುದು, ಇವೆಲ್ಲ ಸರಿಯಾಗಿವೆ ಎಂದು ಬರೆದಿತ್ತು.

“ಅಲ್ಲ ಕಣಪ್ಪ, ತಪ್ಪಿತ್ತು ಅಂತ ಅವರೇ ಬರ್ದು ಕಳ್ಸವ್ರಾ?” ಎಂದರು ಯಜಮಾನರು.

ಹೌದೆಂದೆ.

“ನಾನು ಕೆಡ್ಸಿರೋ ಮಕಗಳನ್ನೆಲ್ಲ ಹಿಂಗೇ ಪಟ್ಟಿ ಮಾಡಿ ಬಾಗ್ಲಿಗೆ ಅಂಟ್ಸಿದ್ರೆ ಈ ತಾಲ್ಲೂಕಲ್ಲಿ ಒಂದು ಮದ್ವೆನಾದ್ರೂ ಕರೀತಿದ್ರಾ ನನ್ನ?”

ಅವರ ಜೊತೆ ನಾನೂ ನಕ್ಕೆ. ಆದರೆ ಆ ಪಟ್ಟಿ ನನಗೆ ಹಿಡಿಸಿತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಮಾಡಿ, ಒಂದೆರಡು ಕಡೆ ಕೆಲಸದಲ್ಲಿ ನಿಲ್ಲಲಾರದೆ ವಾಪಸು ಬಂದಿದ್ದೆ. ಅಲ್ಲಿಂದ ತಂದದ್ದು ಒಂದೇ: ಖಚಿತವಾಗಿ ಮಾತಾಡುವವರನ್ನು ನಂಬದಿರುವುದು. ಮನುಷ್ಯನ ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಪಾಠದಲ್ಲಿ ಕೇಳಿದಾಗ ಬೇರೆಯವರಿಗೆಲ್ಲ ಕಸಿವಿಸಿಯಾಗಿದ್ದರೆ ನನಗೆ ಖುಷಿಯಾಗಿತ್ತು. ಹಾಗಾಗಿ, ತನ್ನ ತಪ್ಪುಗಳನ್ನು ತಾನೇ ಎಣಿಸಿ ಹೇಳುವ ಈ ಕಾಗದ ನಂಬಿಕೆಗೆ ಯೋಗ್ಯ ಅನ್ನಿಸಿತು. ಯಾವುದನ್ನೂ ನಂಬದ ನಾನು ಅದನ್ನು ನಂಬಿದೆ.

ಅದನ್ನು ನಂಬಬೇಕಾದ ಅಗತ್ಯವೂ ಇತ್ತು. ನನ್ನ ಡ್ರಾಯರಿನಲ್ಲಿ, ಟವೆಲಿನಲ್ಲಿ ಸುತ್ತಿದ ಅವ್ವನ ಫೋಟೋ ಎರಡು ತಿಂಗಳಿಂದ ಬಿದ್ದಿತ್ತು.

ಅವ್ವ ಸತ್ತಾಗ ನನಗೆ ಒಂಬತ್ತು ವರ್ಷ, ತಂಗಿಗೆ ಐದು ತಿಂಗಳು. ನಮ್ಮನ್ನು ಸಾಕಿದವಳು ಅಪ್ಪನ ಅಕ್ಕ, ನೊಣವಿನಕೆರೆ ಕಡೆಯ ಹಳ್ಳಿಯ ನಮ್ಮ ಅತ್ತೆ. ಅವ್ವನದು ಅಂತ ಇದ್ದದ್ದು ಒಂದೇ ಚಿತ್ರ. ಯಾರದೋ ಮದುವೆಯಲ್ಲಿ ತೆಗೆದದ್ದು, ಅಂಗೈಯಗಲದ ಕಪ್ಪುಬಿಳುಪು. ಅತ್ತೆಯ ಮನೆಯಲ್ಲಿ ಅದು ಅಟ್ಟದ ಕೆಳಗಿನ ಕೋಣೆಯಲ್ಲಿ ತೂಗುತ್ತಿತ್ತು. ಅಟ್ಟದ ತುಂಬ ಕೊಬ್ಬರಿಯಾಗಲು ಹಾಕಿದ ಕಾಯಿ. ಮಳೆಗಾಲದಲ್ಲಿ ಕೆಳಗೆ ಸಿಪ್ಪೆಯ ಹೊಗೆ ಹಾಕುತ್ತಿದ್ದರು. ಯಾವಾಗಲೋ ಚೌಕಟ್ಟಿನ ಗಾಜು ಒಡೆದಿತ್ತು, ಮತ್ತೆ ಹಾಕಿಸಿರಲಿಲ್ಲ. ವರ್ಷವರ್ಷವೂ ಮಹಾಲಯ ಅಮಾವಾಸ್ಯೆಗೆ ಅತ್ತೆ ಆ ಫೋಟೋ ಇಳಿಸಿ, ಹೊಗೆಯ ಕರಿ ಹೋಗಲಿ, ಹೊಳಪು ಬರಲಿ ಅಂತ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಒರೆಸುತ್ತಿದ್ದಳು. ಬಾಗಿಲು, ತೊಟ್ಟಿಲು, ದೇವರ ಕಲ್ಲು, ಮಕ್ಕಳ ತಲೆ, ನಮ್ಮ ಕಡೆ ಎಲ್ಲದಕ್ಕೂ ಅದೇ ಔಷಧ. ಮುತ್ತೈದೆಯಾಗಿ ಹೋದವಳು ಎಂದು ಒರೆಸಿದ ಮೇಲೆ ಹಣೆಗೆ ಕುಂಕುಮ. ಹತ್ತೊಂಬತ್ತೋ ಇಪ್ಪತ್ತೋ ವರ್ಷ ಎಣ್ಣೆ ಕುಡಿದ ಕಾಗದ ಕುಂಕುಮವನ್ನು ಒಳಕ್ಕೆ ಎಳೆದುಕೊಂಡು, ಹಣೆಯಿಂದ ಬಲಗೆನ್ನೆಯವರೆಗೆ ಕಂದು ಹರಡಿತ್ತು. ಮಿಕ್ಕ ಮುಖದ ಮೇಲೆ ಸಣ್ಣ ಸಣ್ಣ ಚುಕ್ಕೆಗಳು.

ತಂಗಿಯನ್ನು ದಂಡಿನಶಿವರಕ್ಕೆ ಕೊಟ್ಟಿತ್ತು. ಅವಳು ಬಸುರಿ. ಅತ್ತೆಯ ಮನೆಯಿಂದ ಫೋಟೋ ತೆಗೆದುಕೊಂಡು ಸ್ಟುಡಿಯೋಗೆ ಬಂದವಳು ಸ್ಟೂಲಿನ ಮೇಲೆ ಕೂತು, ಟವೆಲು ಬಿಚ್ಚದೆಯೇ ಹೇಳಿದಳು.

“ಹೆರಿಗೆಗೆ ಮುಂಚೆ ಒಂದ್ಸಲ ಅವ್ವನ ಮಕ ನೋಡ್ಬೇಕು ಕಣಣ್ಣ. ನೋವು ಬಂದಾಗ ಎಲ್ರೂ ಅವ್ವಾ ಅಂತಾರಂತೆ. ಮಕಾನೇ ಗೊತ್ತಿಲ್ದೆ ನಾನು ಯಾರನ್ನ ಕರೀಲಿ?”

ಮಾಡಿಕೊಡುತ್ತೇನೆ ಎಂದೆ. ಆ ದಿನವೇ ಫೋಟೋವನ್ನು ಸ್ಕ್ಯಾನ್ ಮಾಡಿದೆ. ಎಣ್ಣೆಯ ಹೊಳಪಿಗೆ ಸ್ಕ್ಯಾನರಿನ ಬೆಳಕು ಬಡಿದು ಅರ್ಧ ಮುಖ ಮಸುಕಾಗಿ ಬಂತು. ದೊಡ್ಡದಾಗಿ ಸ್ಕ್ಯಾನ್ ಮಾಡಿದರೆ ಪ್ರೋಗ್ರಾಂ ಮುಚ್ಚಿಹೋಗುತ್ತಿತ್ತು. ಆ ಸಣ್ಣ ಸ್ಕ್ಯಾನನ್ನೇ ಇಟ್ಟುಕೊಂಡು ಸುಮ್ಮನಾದೆ.

ಈಗ ದೊಡ್ಡ ಫೈಲಿನ ತೊಂದರೆ ಸರಿಯಾಗಿದೆ ಎಂದು ಪಟ್ಟಿಯೇ ಹೇಳಿತ್ತು. ಹೊಸ ಆವೃತ್ತಿ ಹಾಕಿದ ಮಾರನೆಯ ಬೆಳಿಗ್ಗೆ, ಎಣ್ಣೆ ತೆಗೆದು ಮತ್ತೊಮ್ಮೆ ದೊಡ್ಡದಾಗಿ ಸ್ಕ್ಯಾನ್ ಮಾಡೋಣ ಎಂದು ಫೋಟೋವನ್ನು ಟ್ರೇ ನೀರಿನಲ್ಲಿ ಬಿಟ್ಟು ಎರಡು ಹನಿ ಸೋಪಿನ ದ್ರಾವಣ ಹಾಕಿದೆ. ಹಳೆಯ ಪ್ರಿಂಟುಗಳನ್ನು ಹಾಗೆ ತೊಳೆಯುವುದು ಸ್ಟುಡಿಯೋದಲ್ಲಿ ರೂಢಿಯೇ. ಕೌಂಟರಿಗೆ ಬಂದ ಒಬ್ಬರಿಗೆ ಪಾಸ್‌ಪೋರ್ಟ್ ಫೋಟೋ ಕತ್ತರಿಸಿಕೊಟ್ಟು ಬರುವಷ್ಟರಲ್ಲಿ ಚಿತ್ರ ಕಾಗದವನ್ನು ಬಿಟ್ಟಿತ್ತು. ಹಾಲಿನ ಕೆನೆಯ ಹಾಗೆ ತೇಲುತ್ತಿದ್ದ ಪೊರೆಯನ್ನು ಬೆರಳಿನಿಂದ ಎತ್ತಲು ಹೋದೆ. ಅದು ಮಡಚಿಕೊಂಡು ಹರಿಯಿತು. ಯಜಮಾನರು ಬಂದು ಟ್ರೇ ನೋಡಿದರು, ನನ್ನನ್ನು ನೋಡಿದರು. “ಕೈ ತೆಗಿ. ಮುಟ್ಟಿದಷ್ಟೂ ಹೋಗ್ತದೆ,” ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ನೀರು ಚೆಲ್ಲಿದರು.

ಉಳಿದದ್ದು ಆ ಮಸುಕು ಸ್ಕ್ಯಾನ್ ಮಾತ್ರ. ಅದನ್ನೇ ತೆರೆದು ಕೆಲಸಕ್ಕೆ ಕೂತೆ. ಕುಂಚ ನಿಜವಾಗಿಯೂ ಚೆನ್ನಾಗಿತ್ತು. ಮೊದಲು ಎಡಗೆನ್ನೆಯ ಚುಕ್ಕೆಗಳು. ಒತ್ತಿದರೆ ಚುಕ್ಕೆ ಮಾಯ, ಅದರ ಜಾಗದಲ್ಲಿ ಇದ್ದಿರಲೇಬೇಕು ಅನ್ನಿಸುವಂಥ ಚರ್ಮ. ಎಣ್ಣೆಯ ಕಲೆ, ಬೂಸ್ಟು, ಹೊಗೆಯ ಕಣ ಎಂದುಕೊಳ್ಳುತ್ತ ಒಂದೊಂದನ್ನೇ ಒರೆಸಿದೆ. ಕುಂಕುಮ ನುಂಗಿದ್ದ ಬಲಗೆನ್ನೆಗೆ ಕುಂಚ ಸಾಲಲಿಲ್ಲ. ತರಲು ಚರ್ಮವೇ ಇರಲಿಲ್ಲ. ಇಂಥ ಕಡೆ ಮಕ್ಕಳ ಮುಖದಿಂದ ತುಂಡು ತರುವುದು ನಮ್ಮ ಕಸುಬಿನಲ್ಲಿ ಹಳೆಯ ಪದ್ಧತಿ. ಯಜಮಾನರು ಕತ್ತರಿ ಗೋಂದಿನ ಕಾಲದಲ್ಲೇ ಎಷ್ಟೋ ತಾತಂದಿರಿಗೆ ಮಗನ ಕಿವಿ ಅಂಟಿಸಿದ್ದರು. ತಂಗಿಯ ಮದುವೆಯ ಚಿತ್ರಗಳು ಅದೇ ಕಂಪ್ಯೂಟರಿನಲ್ಲಿದ್ದವು. ಒಂದರಲ್ಲಿ ಅವಳು ಅದೇ ಕಡೆಗೆ ವಾಲಿ ನಿಂತಿದ್ದಳು. ಅವಳ ಬಲಗೆನ್ನೆಯನ್ನೂ ಬಲಗಣ್ಣನ್ನೂ ಹುಬ್ಬಿನ ತುದಿಯನ್ನೂ ತಂದು ಕೂರಿಸಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದೆ.

ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಸೇವ್ ಒತ್ತುವುದು ಉಸಿರಾಡಿದಷ್ಟೇ ಅಭ್ಯಾಸವಾಗಿತ್ತು. ಮೂಲವನ್ನು ಬೇರೆ ಹೆಸರಿನಲ್ಲಿ ಇಡಬೇಕಿತ್ತು, ಇಟ್ಟಿರಲಿಲ್ಲ. ಹಿಂದಕ್ಕೆ ಹೋಗುವ ಪಟ್ಟಿ ಇದೆಯಲ್ಲ ಎಂಬ ಧೈರ್ಯ. ಮಧ್ಯಾಹ್ನ ಕರೆಂಟು ಹೋಯಿತು, ಯು.ಪಿ.ಎಸ್. ಒಂದು ನಿಮಿಷ ಚೀರಿ ಆರಿತು. ಮತ್ತೆ ಬಂದಾಗ ಚಿತ್ರ ತೆರೆದೆ. ಮುಖ ನಾನು ಮಾಡಿದ ಹಾಗೆಯೇ ಇತ್ತು. ಪಕ್ಕದಲ್ಲಿ, ಹಿಂದಕ್ಕೆ ಹೋಗುವ ಹೆಜ್ಜೆಗಳ ಪಟ್ಟಿ ಖಾಲಿಯಾಗಿತ್ತು. ಮೇಲೆ ಒಂದೇ ಸಾಲು: ತೆರೆಯಲಾಗಿದೆ.

ಆಗಲೂ ನಾನು ಹೆದರಲಿಲ್ಲ. ಮುಖ ಚೆನ್ನಾಗಿಯೇ ಬಂದಿತ್ತಲ್ಲ.

ತಂಗಿಗೆ ಕೊಡುವ ಮೊದಲು ಅತ್ತೆಗೆ ತೋರಿಸೋಣ ಎಂದು ಪ್ರಿಂಟು ಹಿಡಿದು ಭಾನುವಾರ ನೊಣವಿನಕೆರೆಯ ಬಸ್ಸು ಹತ್ತಿದೆ. ಅತ್ತೆ ಜಗಲಿಯ ಮೇಲೆ ಕೂತು, ಪೊರೆ ತೆಗೆಸಿದ್ದ ಒಂದು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಯಾರ್ಲಾ ಇವ್ಳು?”

“ಅವ್ವ.”

“ಸುಮ್ಕಿರ್ಲಾ. ನಿಮ್ಮವ್ವನ ಮಕದ ತುಂಬ ಸಿಡುಬಿನ ಕಲೆ ಇದ್ವಲ್ಲೋ. ಇವ್ಳ ಮಕ ತೊಳ್ದಿಟ್ಟ ತಟ್ಟೆ ಇದ್ದಂಗೈತೆ.”

ಸಿಡುಬು ಎಲ್ಲಿತ್ತು, ನನಗೆ ನೆನಪಿಲ್ಲವಲ್ಲ ಎಂದೆ. ಅತ್ತೆ ಫೋಟೋ ಕೆಳಗಿಟ್ಟಳು.

“ನಿಂಗೆ ನೆನಪಿಲ್ವಾ? ಎತ್ಕಂಡಾಗೆಲ್ಲ ಆ ಗುಳಿಗೆ ಬೆಳ್ಳು ಇಟ್ಟು ಇಟ್ಟು ಎಣಿಸ್ತಿದ್ದೆ ಕಣ್ಲಾ ನೀನು. ತುಪ್ಪದ ದೋಸೆ ಅಂತ ನಾನು ಆಡ್ಕಂಡ್ರೆ ನನ್ಮೇಲೆ ಬೀಳ್ತಿದ್ದೆ.”

ಅವಳು ಇನ್ನೂ ಏನೇನೋ ಹೇಳಿದಳು. ಮದುವೆಗೆ ನೋಡಲು ಹೋದಾಗ ಅಪ್ಪ ಒಪ್ಪದೆ ಕೂತದ್ದು, ಆಮೇಲೆ ನಮ್ಮವ್ವ ಆಡಿದ ಮಾತು ಕೇಳಿ ಒಪ್ಪಿದ್ದು. ನನಗೆ ಅದೊಂದೂ ಒಳಕ್ಕೆ ಇಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ನೆನಪಿನೊಳಗೆ ಕೈಹಾಕಿ ತಡಕಿದೆ. ಅವ್ವ ತಲೆ ಬಾಚಿದ್ದು ಇತ್ತು, ಸೆರಗಿನ ವಾಸನೆ ಇತ್ತು, ಬಾವಿಯ ಹತ್ತಿರದಿಂದ ಕರೆಯುವ ಧ್ವನಿ ಇತ್ತು. ಮುಖ ಬಂದಾಗೆಲ್ಲ ಅದು ನಾನು ಆ ವಾರ ಪರದೆಯ ಮೇಲೆ ಮಾಡಿದ ಮುಖ. ನುಣುಪು ಕೆನ್ನೆ. ಎಷ್ಟು ತಳ್ಳಿದರೂ ಅದರ ಹಿಂದೆ ಇನ್ನೊಂದು ಮುಖ ಇರಲಿಲ್ಲ. ಅತ್ತೆಯೇ ತಪ್ಪಿರಬಹುದು ಎಂದು ನನ್ನ ಓದು ಸಹಾಯಕ್ಕೆ ಬಂತು. ಅವಳ ನೆನಪೂ ಕಟ್ಟಿಕೊಂಡದ್ದೇ ಅಲ್ಲವೇ. ಅದಕ್ಕೆ ಉತ್ತರ ಆ ಸ್ಕ್ಯಾನಿನಲ್ಲಿತ್ತು. ಚುಕ್ಕೆಗಳು ಕಾಗದದ ಮೇಲಿದ್ದವೋ ಕೆನ್ನೆಯ ಮೇಲಿದ್ದವೋ, ಹಿಗ್ಗಿಸಿ ನೋಡಿದ್ದರೆ ತಿಳಿಯುತ್ತಿತ್ತು. ಗುಳಿಗೆ ಒಂದು ಬದಿ ನೆರಳಿರುತ್ತದೆ, ಬೂಸ್ಟಿಗೆ ಇರುವುದಿಲ್ಲ. ಒರೆಸುವಾಗ ಒಂದಕ್ಕೂ ನೆರಳಿದೆಯೇ ಎಂದು ನಾನು ನೋಡಿರಲಿಲ್ಲ.

ಒರೆಸುವ ಮೊದಲಿನ ಸ್ಕ್ಯಾನಿಗಾಗಿ ಮೂರು ದಿನ ಹುಡುಕಿದೆ. ಕಂಪ್ಯೂಟರಿನ ಕಸದ ಬುಟ್ಟಿ, ಹಳೆಯ ಫ್ಲಾಪಿಗಳು, ಅಳಿಸಿದ ಫೈಲು ತರುವ ಯಾವುದೋ ಪ್ರೋಗ್ರಾಂ. ಬಂದವರ ಫೋಟೋಗಳು ತಡವಾದವು. ಯಜಮಾನರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಒಂದು ಸಲ ಮಾತ್ರ ಪಕ್ಕಕ್ಕೆ ಬಂದು ನಿಂತು, “ಬುಡಪ್ಪ. ಇರೋದನ್ನ ಕೊಡು, ಆ ಮಗಿಗೆ ಏನು ಗೊತ್ತಾಗ್ತದೆ?” ಎಂದರು. ಏನೂ ಗೊತ್ತಾಗುವುದಿಲ್ಲ ಎಂಬುದೇ ನನಗೆ ಅಡ್ಡವಾಗಿತ್ತು. ನಾನು ಏನು ಕೊಟ್ಟರೂ ಅವಳಿಗೆ ಅದೇ ಅವ್ವ. ಹೋಲಿಸಿ ನೋಡಲು ಅವಳ ಬಳಿ ಏನೂ ಇಲ್ಲ. ನನ್ನ ಬಳಿಯೂ ಇಲ್ಲ.

ತಂಗಿ ಬಂದದ್ದು ಆಸ್ಪತ್ರೆಗೆ ತೋರಿಸಿಕೊಂಡು ಹೋಗುವ ದಿನ, ಹನ್ನೊಂದು ಗಂಟೆಯ ಹೊತ್ತಿಗೆ. ಪರದೆಯ ಮೇಲೆ ಮುಖ ತೆರೆದೇ ಇತ್ತು, ಮುಚ್ಚುವಷ್ಟು ಸಮಯ ಸಿಗಲಿಲ್ಲ. ಅವಳು ನಿಂತೇ ನೋಡಿದಳು.

“ನನ್ನಂಗೇ ಅವ್ಳೆ ಕಣಣ್ಣ,” ಎಂದಳು.

ಆಗ ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆ ಕೆನ್ನೆ ನಿನ್ನದೇ, ನಿನ್ನ ಮದುವೆಯ ಫೋಟೋದಿಂದ ತೆಗೆದದ್ದು ಎಂದು ಹೇಳಿದೆ. ಮೂಲ ಫೋಟೋ ನೀರಿನಲ್ಲಿ ಹೋದದ್ದನ್ನೂ ಹೇಳಿದೆ. ಅತ್ತೆ ಹೇಳಿದ ಸಿಡುಬಿನ ಕಲೆ, ನಾನು ಅವನ್ನು ಕೊಳೆ ಅಂತ ಒರೆಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಬಯ್ಯಲಿ ಎಂದು ಕಾದೆ. ಅವಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು.

“ಇದ್ರಲ್ಲಿ ಅವ್ವಂದು ಎಷ್ಟೈತೆ?”

ಎಡಗಣ್ಣು ಎಂದೆ. ಬೈತಲೆ, ಓಲೆಯ ಕಿವಿ, ಬಾಯಿ. ಬಾಯಿಯ ಒಂದು ತುದಿ ನಾನೇ ತಿದ್ದಿ ಬರೆದದ್ದೂ ಇರಬಹುದು, ಸರಿಯಾಗಿ ಗೊತ್ತಿಲ್ಲ. ಅವಳು ಒಂದೊಂದನ್ನೂ ಪರದೆಯ ಮೇಲೆ ಬೆರಳಿಟ್ಟು ನೋಡಿದಳು.

“ಕಲೆ ವಾಪಸ್ ಹಾಕು.”

ಹಾಕಬಹುದು, ಆದರೆ ಎಲ್ಲಿದ್ದವು ಎಂದು ಗೊತ್ತಿಲ್ಲ ಎಂದೆ.

“ನಂಗೆ ಗೊತ್ತಿಲ್ಲ ಕಣಣ್ಣ, ನಾನು ನೋಡಿಲ್ಲ. ನೀನು ನೋಡಿದ್ದೀಯ. ಒಂಬತ್ತು ವರ್ಷ ನೋಡಿದ್ದೀಯ. ನೆನೆಸ್ಕಂಡು ಹಾಕು.”

ನೆನಪು ಎಂದರೆ ಏನು, ಅದು ಹೇಗೆ ಮೋಸ ಮಾಡುತ್ತದೆ ಎಂದು ನಾನು ಪರೀಕ್ಷೆಗೆ ಪುಟಗಟ್ಟಲೆ ಬರೆದಿದ್ದೆ. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. ಮೌಸು ಹಿಡಿದುಕೊಂಡೆ. ಕುಂಚವನ್ನು ಸಣ್ಣದು ಮಾಡಿ, ಬಣ್ಣವನ್ನು ಒಂದಿಷ್ಟು ಗಾಢ ಮಾಡಿ, ಎಡಗೆನ್ನೆಯ ಮೇಲೆ, ಕಣ್ಣಿಗಿಂತ ಎರಡು ಬೆರಳು ಕೆಳಗೆ ಒಂದು ಕಡೆ ಒತ್ತಿದೆ. ಒಂದು ಬದಿಗೆ ನೆರಳು ಕೊಟ್ಟೆ.

“ಅಲ್ಲೇ ಇತ್ತಾ?”

“ಅಲ್ಲೇ ಇತ್ತು.”

ಎರಡನೆಯದನ್ನು ಮೂಗಿನ ಪಕ್ಕ ಇಟ್ಟೆ. ಅದಕ್ಕೂ ಕೇಳಿದಳು. ಹೌದೆಂದೆ. ನನ್ನ ಧ್ವನಿ ಖಚಿತವಾಗಿತ್ತು. ಅನುಮಾನಪಟ್ಟು ಒಂದೆರಡು ಕಲೆಗಳನ್ನು ಅಳಿಸಿ ಪಕ್ಕಕ್ಕೆ ಸರಿಸಿದೆ. ಹಾಗೆ ಸರಿಸಿದಾಗ ಅವಳು ನನ್ನನ್ನು ಇನ್ನೂ ಹೆಚ್ಚು ನಂಬಿದಳು. ತಂಗಿಯಿಂದ ತಂದು ಕೂರಿಸಿದ್ದ ಬಲಗೆನ್ನೆಯ ಮೇಲೂ ಕೆಲವನ್ನು ಹಾಕಿದೆ. ಎಷ್ಟು ಹಾಕಿದೆನೋ ತಿಳಿಯದು. ಒಂದು ಹಂತದಲ್ಲಿ ಅವಳು ಕೇಳುವುದನ್ನು ನಿಲ್ಲಿಸಿದಳು. ಪರದೆ ನೋಡುತ್ತಲೇ ಕೆಳದನಿಯಲ್ಲಿ ಒಮ್ಮೆ ‘ಅವ್ವ’ ಎಂದಳು, ಹೇಳಿ ನೋಡುವವಳ ಹಾಗೆ.

ನಾನು ಸೇವ್ ಒತ್ತಿ ಪ್ರಿಂಟಿಗೆ ಕೊಟ್ಟೆ. ಕಾಗದ ಹೊರಗೆ ಬರುವವರೆಗೂ ಅವಳ ಕಡೆ ತಿರುಗುವ ಧೈರ್ಯ ನನಗಾಗಲಿಲ್ಲ.