ನೆತ್ತಿಗೆ ಮೂರು ಸಲ ಉಫ್

ಅವಳ ಮೊಣಕಾಲಿನಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಓಣಿಯ ಕೂಸುಗಳನ್ನೆಲ್ಲ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ನೀರು ಎರೆದು ಎರೆದು ಆ ಕಾಲುಗಳು ಗುಂಡುಕಲ್ಲಿನಂತೆ ನುಣುಪಾಗಿದ್ದವು. ನಮ್ಮ ಹೊಸಹಳ್ಳಿಯಲ್ಲಿ ಅವಳನ್ನು ಎಲ್ಲರೂ ಎರೆಯೋ ಅಜ್ಜಿ ಅಂತಲೇ ಕರೆಯುತ್ತಿದ್ದರು. ನನಗೂ ಎರೆದವಳು ಅವಳೇ. ನನ್ನ ಮಗಳು ಹುಟ್ಟಿದಾಗ ಕರೆಯುವ ಮೊದಲೇ ಹರಳೆಣ್ಣೆ ಬಟ್ಟಲು ಹಿಡಿದು ಬಂದಳು.

ಬಾಯಿ ಬಲು ಜೋರು. ಕೂಸು ಅತ್ತರೆ, "ಅಳು ಅಳು, ನಿಮ್ಮವ್ವ ನಿನಗಿಂತ ಜೋರ್ ಅಳ್ತಿದ್ಲು" ಎಂದು ನನ್ನನ್ನೂ ಸೇರಿಸಿ ಬೈಯುತ್ತಿದ್ದಳು. ಎರೆದಾದ ಮೇಲೆ ಸಾಂಬ್ರಾಣಿ ಹೊಗೆ ಹಿಡಿದು, ದೃಷ್ಟಿ ಹೋಗಲೆಂದು ನೆತ್ತಿಯ ಹತ್ತಿರ ಬಾಯಿ ತಂದು ಮೂರು ಸಲ 'ಉಫ್' ಎಂದು ಊದುತ್ತಿದ್ದಳು. ಆಮೇಲೆ ಕೆಮ್ಮು. ತಿಂಗಳುಗಟ್ಟಲೆ ಕೆಮ್ಮಿದಳು. ತೋರಿಸಿಕೋ ಅಂದರೆ, "ಹೊಗಿ ಕೆಮ್ಮವ್ವಾ ಇದು, ಎರಿಯೋದು ಬಿಟ್ರ ಹೋಕೈತಿ" ಎಂದು ನಕ್ಕುಬಿಡುತ್ತಿದ್ದಳು. ನಾನೂ ನಂಬಿದೆ, ದಡ್ಡಿ.

ಆರನೇ ತಿಂಗಳಲ್ಲಿ ಮಗಳಿಗೆ ಜ್ವರ ಬಿಡಲಿಲ್ಲ. ಕುಡಿದ ಹಾಲೆಲ್ಲ ಕಕ್ಕುತ್ತಿದ್ದಳು, ಕಣ್ಣೇ ಬಿಡುತ್ತಿರಲಿಲ್ಲ. ಹಲ್ಲು ಬರುವ ಜ್ವರ ಅಂದುಕೊಂಡೆವು. ಒಂದು ಬೆಳಿಗ್ಗೆ ನೆತ್ತಿಗೆ ಎಣ್ಣೆ ಒತ್ತುತ್ತಿದ್ದ ಅಜ್ಜಿಯ ಅಂಗೈ ತಟ್ಟನೆ ನಿಂತಿತು.

"ನೆತ್ತಿ ಉಬ್ಬೈತಿ. ಇದು ಎಣ್ಣಿಗೆ ಬಗ್ಗೂದಲ್ಲ, ದವಾಖಾನಿಗೆ ನಡಿ" ಎಂದು ಅವಳೇ ಎಬ್ಬಿಸಿ ಹೊರಡಿಸಿದಳು. ತಾನೂ ಬಂದಳು.

ಕೂಡ್ಲಿಗಿ ದವಾಖಾನೆಯವರು ಬಳ್ಳಾರಿಗೆ ಕಳಿಸಿದರು. ಬೆನ್ನಿನಿಂದ ನೀರು ತೆಗೆದು ನೋಡಿದ ಡಾಕ್ಟರು, ಮೆದುಳಿಗೆ ಕ್ಷಯ ಹತ್ತಿದೆ ಅಂದರು. ಕೂಸಿನ ಹತ್ತಿರ ಕೆಮ್ಮುವವರು ಯಾರಿದ್ದಾರೆ ಎಂದು ಕೇಳಿದರು. ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದ ಅಜ್ಜಿ ಗೋಡೆ ಹಿಡಿದು ಎದ್ದಳು.

"ನಾ ಅದೀನ್ರಿ. ದಿನಾ ನೆತ್ತಿ ಮ್ಯಾಲೆ ಊದೀನ್ರಿ."

ಅವಳ ಕಫದಲ್ಲೂ ಅದೇ ಇತ್ತು. ಆರು ತಿಂಗಳು ಗುಳಿಗೆ ನುಂಗಿ ಗುಣವಾದಳು. ಮಗಳು ಬದುಕಿದಳು, ಅಷ್ಟೇ. ನೋಟ ನಿಲ್ಲಲಿಲ್ಲ, ಕುತ್ತಿಗೆ ನಿಲ್ಲಲಿಲ್ಲ.

ಗುಣವಾದ ಮೇಲೂ ಅಜ್ಜಿ ಯಾರ ಕೂಸನ್ನೂ ಮುಟ್ಟಲಿಲ್ಲ. ದಿನಾ ನಮ್ಮ ಮನೆಯೆದುರು ಬಾಯಿಗೆ ಸೆರಗು ಒತ್ತಿಕೊಂಡು ನಿಂತು, "ಕುತ್ತಿಗಿ ನಿಂತೈತೇನವ್ವಾ?" ಎಂದು ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಮ್ಮೆಯೂ ಒಳಗೆ ಕರೆಯಲಿಲ್ಲ. ಹೋದ ವರ್ಷ ಸತ್ತಳು. ಸಿಟ್ಟು ಇನ್ನೂ ಇದೆ, ಅವಳ ನೆನಪಾದರೆ ಅಳುವೂ ಬರುತ್ತದೆ.

ಮಗಳಿಗೆ ಈಗ ಮೂರು ವರ್ಷ. ಕಾಲು ಚಾಚಿ ಮಲಗಿಸಿಕೊಂಡು ನಾನೇ ಎರೆಯುತ್ತೇನೆ. ಅಂಗೈಯಲ್ಲಿ ಕುತ್ತಿಗೆ ಹಿಡಿಯುವುದು ಅಜ್ಜಿ ಕಲಿಸಿದ್ದೇ, ಬಿಟ್ಟರೆ ವಾಲುತ್ತದೆ. ಎರೆದಾದ ಮೇಲೆ ನನ್ನ ಬಾಯಿ ತಾನಾಗಿ ನೆತ್ತಿಯ ಕಡೆ ಹೋಗುತ್ತದೆ. ಮುಖ ತಿರುಗಿಸಿಕೊಳ್ಳುತ್ತೇನೆ. ಈಗ ಬಂದು ಕೇಳುವವರು ಯಾರೂ ಇಲ್ಲ.

ಇನ್ನೂ ನಿಂತಿಲ್ಲ, ಅಜ್ಜಿ.