ಮುಲಾಖತ್ತಿನ ಅಣ್ಣ

ನಮ್ಮಣ್ಣ ಇರುವ ಜೈಲು ಬ್ರಿಟಿಷರ ಕಾಲದ್ದು. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರನ್ನೂ ಅದೇ ಕಲ್ಲಿನ ಗೋಡೆಯೊಳಗೆ ಇಟ್ಟಿದ್ದರಂತೆ. ಮುಲಾಖತ್ತಿಗೆ, ಅಂದರೆ ಕೈದಿಗಳ ಭೇಟಿಗೆ, ಪಾಳಿ ಹಚ್ಚಿದವರು ಇದನ್ನು ಹೆಮ್ಮೆಯಿಂದ ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮಣ್ಣ ದೇಶಕ್ಕಾಗಿ ಏನೂ ಮಾಡಿದವನಲ್ಲ. ಅಡರಕಟ್ಟಿಯಲ್ಲಿ ಹೊಲದ ಬದುವಿಗಾಗಿ ಜಗಳ ತೆಗೆದು ಪಕ್ಕದ ಹೊಲದವನ ತಲೆಗೆ ಸಲಿಕೆಯಿಂದ ಹೊಡೆದ. ಆ ಮನುಷ್ಯ ಸತ್ತ, ಅಣ್ಣನಿಗೆ ಜೀವಾವಧಿ ಆಯಿತು. ಬದು ಮಾತ್ರ ಇವತ್ತಿಗೂ ಒಂದು ಗೇಣು ಸರಿದಿಲ್ಲ.

ಅತ್ತಿಗೆ ಅದೇ ಕೊರಗಿನಲ್ಲಿ ತೀರಿಕೊಂಡಳು. ಆಗಿನ್ನೂ ತೊದಲು ಮಾತಾಡುತ್ತಿದ್ದ ಅವರ ಮಗಳನ್ನು ಲಕ್ಷ್ಮೇಶ್ವರಕ್ಕೆ ತಂದು, ಹೊಲಿಗೆ ಮಾಡಿ ಬೆಳೆಸಿದೆ. ನೀನ್ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ ನನ್ನ ಬಾಯಿ ಜೋರು ಎನ್ನುತ್ತೇನೆ. ನಕ್ಕು ಸುಮ್ಮನಾಗುತ್ತಾರೆ. ಕೊಲೆಗಾರನ ತಂಗಿಯನ್ನು ನೋಡಲು ಯಾರೂ ಬರಲಿಲ್ಲ, ಅಷ್ಟೇ.

ಮೊದಲು ಮುಲಾಖತ್ತಿನ ಕೋಣೆಯಲ್ಲಿ ಎರಡು ತಂತಿ ಜಾಳಿಗೆ ಇದ್ದವು, ನಡುವೆ ಕಾವಲಿನವನು ಓಡಾಡುವಷ್ಟು ಜಾಗ. ಈಚೆ ನಾವು, ಆಚೆ ಅವರು, ಎಲ್ಲರೂ ಒಟ್ಟಿಗೇ ಒದರುವುದು.

"ಮಳಿ ಆತೇನು?"

"ಆತು!"

"ಕೂಸು?"

"ಆರಾಮ ಐತಿ!"

ಇಷ್ಟರಲ್ಲಿ ವೇಳೆ ಮುಗಿಯುತ್ತಿತ್ತು. ಕೆಲವು ವರ್ಷಗಳ ನಂತರ ಜಾಳಿಗೆ ಹೋಗಿ ಗಾಜು ಬಂತು, ಎರಡೂ ಕಡೆ ಫೋನು ಬಂದವು. ಅಣ್ಣನ ಉಸಿರು ನೇರ ಕಿವಿಗೇ ಬಿತ್ತು. ಮನೆಯಲ್ಲಿದ್ದಾಗಲೂ ಅವನು ಅಷ್ಟು ಹತ್ತಿರ ಇರಲಿಲ್ಲ. ಅವನು, ತನ್ನ ಬ್ಯಾರಕ್ಕಿನಲ್ಲಿ ಒಬ್ಬ ಮುದುಕನಿದ್ದಾನೆ, ಅವನನ್ನು ಕಾಣಲು ಯಾರೂ ಬರುವುದಿಲ್ಲ, ಆದರೂ ಮುಲಾಖತ್ತಿನ ದಿನ ತಲೆ ಬಾಚಿಕೊಂಡು ಕೂಡುತ್ತಾನೆ ಎಂದ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಜಗತ್ತಿನಲ್ಲಿ ಯಾರೂ ಇಲ್ಲ ಅನ್ನಿಸಿ ಅಳು ಬಂತು.

ಮಗಳು ಸಣ್ಣವಳಿದ್ದಾಗ ಒಮ್ಮೆ ಜೈಲಿಗೆ ಬಂದಿದ್ದಳು. ಮತ್ತೆ ಬರಲಿಲ್ಲ. ಹೋದ ವರ್ಷ ಮುಂಡರಗಿಯ ಸಂಬಂಧ ಕೂಡಿಬಂತು. ಆಗ ಅಪ್ಪನ ವಿಷಯಕ್ಕೆ ಹೇಳಿದಳು: "ಆ ಮನಶ್ಯಾ ಸತ್ತಾನಂತ ಹೇಳೀನಿ ಅತ್ತಿ. ನೀನೂ ಹಂಗ ಹೇಳು."

ನಾನು ಕೂಗಾಡಿದೆ, ಒಂದು ಹೊತ್ತು ಊಟ ಬಿಟ್ಟೆ. ಆಮೇಲೆ ಒಪ್ಪಿದೆ. ನನಗಾದದ್ದು ಅವಳಿಗೆ ಆಗಬಾರದಲ್ಲ. ಲಗ್ನಪತ್ರಿಕೆಯಲ್ಲಿ ಅಣ್ಣನ ಹೆಸರಿನ ಮುಂದೆ 'ದಿವಂಗತ' ಎಂದು ಅಚ್ಚಾಯಿತು. ಅವನಿಗೆ ಹೇಳದೆ ಇರಲಾಗಲಿಲ್ಲ. ಗಾಜಿನ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ.

ಅವನು ಕೇಳಿದ: "ಏನಾಗಿ ಸತ್ತೆ ಅಂತ ಹೇಳೀರಿ?"

"ಹಾರ್ಟ್ ಫೇಲ್."

"ಚಲೋ ಆತು. ನರಳಲಿಲ್ಲಲ್ಲ."

ನಕ್ಕ. ನಗಬೇಡ ಎಂದು ಬೈದೆ. "ಲಗ್ನಕ್ಕಂತ ಪೆರೋಲ್ ಕೇಳಬೇಕಂತಿದ್ದೆ," ಅಂದ. "ಬಿಡು. ಸತ್ತಾಂವ ಹೆಂಗ ಬರ್ತಾನ?"

ಮದುವೆ ಚೆನ್ನಾಗಿ ಆಯಿತು. ಅವಳ ಅತ್ತೆ ಒಳ್ಳೆಯ ಹೆಂಗಸು, ಅದೇ ಕಷ್ಟ. ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಸೊಸೆಗೆ ಹೇಳಿದರಂತೆ, "ನಿನ್ನ ತವರಾಗ ಗಂಡುಮಕ್ಕಳಿಲ್ಲ. ನಮ್ಮ ಹಿರ್ಯಾರ ಜೋಡಿ ನಿಮ್ಮಪ್ಪಗೂ ಎಡಿ ಇಡೂಣು. ಅವರಿಗೆ ಏನ್ ಸೇರತಿತ್ತು ಕೇಳು, ಅದನ್ನ ಮಾಡೂಣು."

ಹುಡುಗಿ ಹಿತ್ತಲಿಗೆ ಹೋಗಿ ನನಗೆ ಫೋನು ಮಾಡಿದಳು. ದನಿ ಬಹಳ ಸಣ್ಣದಿತ್ತು.

"ಅತ್ತಿ, ಅಪ್ಪಗ ಏನ್ ಸೇರತಿತ್ತು?"

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿದ್ದಾಗ ಅವನು ಬಡಿಸಿದ್ದನ್ನು ಉಂಡು ಹೊಲಕ್ಕೆ ಹೋಗುತ್ತಿದ್ದ, ನಾವೂ ಕೇಳಿದವರಲ್ಲ. ನಾಲ್ಕು ದಿನ ತಡಿ ಎಂದು ಹೇಳಿ ಮುಲಾಖತ್ತಿಗೆ ಹೋದೆ.

ಎಡೆಯ ಸಂಗತಿ ಕೇಳಿದಾಗ ಅಣ್ಣ ಈ ಸಲ ನಗಲಿಲ್ಲ. ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ. ಅವನು ಎದ್ದೇ ಹೋಗುತ್ತಾನೇನೋ ಅಂದುಕೊಂಡೆ.

"ಬದನಿಕಾಯಿ ಎಣಗಾಯಿ," ಎಂದ. "ಶೇಂಗಾ ಜಾಸ್ತಿ ಹಾಕಬೇಕು."

"ಹೇಳ್ತೀನಿ."

"ಯಾರ್ ಮಾಡ್ತಾರ? ಆಕಿನ ಮಾಡ್ತಾಳೇನು?"

ನಾನದನ್ನು ಕೇಳಿರಲಿಲ್ಲ. ಹೂಂ ಎಂದೆ.

"ಹಂಗಾರ ಎರಡು ಹೆಚ್ಚಿಗಿ ಇಡಾಕ ಹೇಳು," ಎಂದ ನಮ್ಮಣ್ಣ.