ಮತ್ರಾದ ಎರಡು ಕೌಂಟರಿಗೆ ಒಂದು ಲಿನಕ್ಸ್

...ಅಥವಾ ಅದು ಬುಧವಾರವೇ ಇರಬಹುದು. ಅಂಗಡಿಯ ಹಣೆಬರಹ ತೀರ್ಮಾನವಾದ ಆ ಸಂಜೆ ಗುರುವಾರದ್ದು ಎಂದು ನಾನು ಇಲ್ಲಿಯವರೆಗೆ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಶುಕ್ರವಾರದ ರಜೆಯ ಹಿಂದಿನ ಸಂಜೆ ಮಸ್ಕತ್‌ನ ಹಳೆ ಪೇಟೆಯಾದ ಮತ್ರಾ ಸೂಕ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗುರುವಾರ ಎಂದರೆ ಕಥೆಗೆ ಕಳೆ ಬರುತ್ತದೆ. ನೆನಪು ಹೀಗೆ ತನಗೆ ಒಪ್ಪುವ ವಾರವನ್ನು ತಾನೇ ಆರಿಸಿಕೊಳ್ಳುತ್ತದೆ. ಆದ್ದರಿಂದ ಓದುವವರು ನಾನು ಕೊಡುವ ದಿನಗಳನ್ನೂ ಮಾತುಗಳನ್ನೂ ಸ್ವಲ್ಪ ಅನುಮಾನದಿಂದಲೇ ನೋಡಲಿ. ಅಂಗಡಿ ಉಳಿದದ್ದು ಮಾತ್ರ ನಿಜ. ಅದು ಈಗಲೂ ತೆರೆದಿದೆ, ಬೇಕಾದವರು ಹೋಗಿ ಪಾತ್ರೆ ಕೊಳ್ಳಬಹುದು.

ಇಸವಿ 2025. ಮಸ್ಕತ್‌ನಲ್ಲಿ ಪಾತ್ರೆ ವ್ಯಾಪಾರ ಮಾಡುವ ಒಂದು ಕಂಪನಿಯಲ್ಲಿ ನಾನು ಸಿಸ್ಟಮ್ಸ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬನೇ. ಮುಖ್ಯ ಶೋರೂಮ್ ಅಲ್ ಅಜೈಬಾದಲ್ಲಿ, ಹಳೆಯ ಅಂಗಡಿ ಮತ್ರಾದ ಗಲ್ಲಿಯಲ್ಲಿ. ಮದುವೆಯ ಅಡುಗೆಗೆ ಬೇಕಾದ, ಒಬ್ಬ ಆಳು ಒಳಗೆ ಕೂರಬಹುದಾದಷ್ಟು ದೊಡ್ಡ ಹಂಡೆಗಳಿಂದ ಹಿಡಿದು ಕಹ್ವಾ ಎಂಬ ಅರಬ್ಬಿ ಕಾಫಿ ಸುರಿಯುವ ಪುಟ್ಟ ಬಟ್ಟಲಿನವರೆಗೆ ಎಲ್ಲವೂ ಅಲ್ಲಿ ಸಿಗುತ್ತಿತ್ತು.

ಆ ವರ್ಷದ ಅಕ್ಟೋಬರ್‌ಗೆ ವಿಂಡೋಸ್ 10ರ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು ನಿಲ್ಲುವುದರಲ್ಲಿದ್ದವು. ಅಪ್‌ಡೇಟ್ ಇಲ್ಲದ ಯಂತ್ರ ಕಂಪನಿಯ ನೆಟ್‌ವರ್ಕ್‌ನಲ್ಲಿ ಇರಕೂಡದು ಎಂದು ನಮ್ಮ ಜನರಲ್ ಮ್ಯಾನೇಜರ್ ಖಾಲಿದ್ ಸಾಹೇಬರು ಆದೇಶ ಹೊರಡಿಸಿದರು. ಮತ್ರಾದ ಕಂಪ್ಯೂಟರ್‌ಗಳ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಅವುಗಳನ್ನು ಒಪ್ಪುವುದಿಲ್ಲ. ಹೊಸವನ್ನು ಕೊಡುವ ಬದಲು ಮತ್ರಾ ಅಂಗಡಿಯನ್ನೇ ಮುಚ್ಚಿ ಅಜೈಬಾಕ್ಕೆ ಸೇರಿಸಿಬಿಡೋಣ ಎಂಬ ಮಾತು ಮೀಟಿಂಗ್‌ನಲ್ಲಿ ಎದ್ದಿತು. ಅಜೈಬಾದಲ್ಲಿ ಮ್ಯಾನೇಜರ್ ಆಗಲೇ ಒಬ್ಬರಿದ್ದರು. ಮತ್ರಾದ ಮ್ಯಾನೇಜರ್ ಕಾರ್ಕಳದ ಸದಾನಂದ ಶೆಟ್ಟರು. ಐವತ್ತೆಂಟರ ವಯಸ್ಸಿನಲ್ಲಿ ಬೇರೆ ವೀಸಾ ಕೊಡುವವರು ಅವರಿಗೆ ಯಾರೂ ಸಿಗುತ್ತಿರಲಿಲ್ಲ. ಅಂಗಡಿ ಮುಚ್ಚಿದರೆ ಅವರಿಗೆ ಊರಿನ ಟಿಕೆಟ್, ಅಷ್ಟೆ.

ನಾನು ಕೈಯೆತ್ತಿ ಲಿನಕ್ಸ್ ಎಂದೆ. ಅದೇ ಯಂತ್ರ, ಬೇರೆ ಆಪರೇಟಿಂಗ್ ಸಿಸ್ಟಮ್, ಅಪ್‌ಡೇಟ್ ನಿಲ್ಲುವುದಿಲ್ಲ. ಖಾಲಿದ್ ಸಾಹೇಬರು ನಮ್ಮೊಂದಿಗೆ ಹಿಂದಿಯಲ್ಲೇ ಮಾತಾಡುತ್ತಿದ್ದರು. "ಪಾಟೀಲ್, ಏಕ್ ಹಫ್ತಾ. ನಹೀ ಚಲಾ ತೋ ಖಲಾಸ್" ಎಂದು ಒಂದೇ ವಾರದ ಗಡುವು ಕೊಟ್ಟರು. ಜೊತೆಗೊಂದು ಷರತ್ತು: ಎರಡು ಕೌಂಟರ್‌ಗಳಲ್ಲಿ ಒಂದರ ಪರದೆಯಾದರೂ ಅರಬ್ಬಿಯಲ್ಲಿರಬೇಕು, ಗಿರಾಕಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ಕಾಣಬೇಕು.

ಇಲ್ಲಿ ಎರಡು ಪದಗಳನ್ನು ಬಿಡಿಸಿ ಹೇಳಬೇಕು. ಲಿನಕ್ಸ್ ಎಂದು ಒಂದೇ ಸರಕು ಇಲ್ಲ. ಒಂದೇ ತಿರುಳಿನ ಸುತ್ತ ಬೇರೆ ಬೇರೆ ಗುಂಪುಗಳು ತಮಗೆ ಸರಿ ಕಂಡ ತಂತ್ರಾಂಶಗಳನ್ನು ಜೋಡಿಸಿ ಹಂಚುತ್ತವೆ. ಅಂಥ ಒಂದೊಂದು ಜೋಡಣೆಯೂ ಒಂದು ಡಿಸ್ಟ್ರಿಬ್ಯೂಷನ್. ಕಣ್ಣಿಗೆ ಕಾಣುವ ಮೆನು, ಐಕಾನ್, ಕಿಟಕಿಗಳ ಏರ್ಪಾಡು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್. ವ್ಯಾಪಾರದ ಭಾಷೆಯಲ್ಲಿ ಮೊದಲನೆಯದು ಗೋದಾಮು, ಎರಡನೆಯದು ಕೌಂಟರ್. ಗೋದಾಮು ಒಂದೇ ಇಟ್ಟುಕೊಂಡು ಕೌಂಟರ್ ಬದಲಿಸಬಹುದು.

ಗೋದಾಮು ಬೇಗ ತೀರ್ಮಾನವಾಯಿತು. ಲಿನಕ್ಸ್ ಮಿಂಟ್‌ನ ಆಗಿನ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಭರವಸೆಯಿತ್ತು, ಬಿಲ್ ಮುದ್ರಿಸುವ ಹಳೆಯ ಪ್ರಿಂಟರ್ ತಂತಿ ಸಿಕ್ಕಿಸಿದ ಕೂಡಲೇ ಕಾಗದ ಉಗುಳಿತು. ಹತ್ತಿಪ್ಪತ್ತು ವರ್ಷದಿಂದ ಪ್ರಿಂಟರ್‌ಗಳೊಂದಿಗೆ ಗುದ್ದಾಡಿದವನಿಗೆ ಆ ಚೀಟಿಗೆ ಚೌಕಟ್ಟು ಹಾಕಿಸುವ ಆಸೆಯಾಯಿತು.

ಕೌಂಟರ್ ಮಾತ್ರ ಸತಾಯಿಸಿತು. ಡೆಸ್ಕ್‌ಟಾಪ್‌ಗಳಲ್ಲಿ ಗ್ನೋಮ್ ನನಗೆ ಅಚ್ಚುಮೆಚ್ಚು, ಖಾಲಿ ಗೋಡೆಯಂತೆ ಶುಭ್ರ. ಶೆಟ್ಟರು ಅದನ್ನು ನೋಡಿ, "ಎಂತ ಮಾರಾಯ್ರೆ, ಇದರಲ್ಲಿ ಒತ್ತುದು ಎಲ್ಲಿ? ಕಳ್ಳರಿಗೆ ಹೆದರಿ ಬಟನ್ ಒಳಗೆ ಇಟ್ಟಿದ್ದಾ?" ಎಂದರು. ಕೆಡಿಇ ಪ್ಲಾಸ್ಮಾದಲ್ಲಿ ಬದಲಾಯಿಸಲಾಗದ್ದು ಯಾವುದೂ ಇಲ್ಲ. ಕೇರಳದ ಹುಡುಗ ಬಿಜು, ನಮ್ಮ ಇಂಗ್ಲಿಷ್ ಕೌಂಟರ್‌ನವನು, ಒಂದೇ ಸಂಜೆಯಲ್ಲಿ ಅದನ್ನು ಸಾಬೀತುಪಡಿಸಿ ಕೆಳಗಿನ ಪಟ್ಟಿಯನ್ನು ಪರದೆಯ ನೆತ್ತಿಗೇರಿಸಿ ಕೂತಿದ್ದ. ಎಕ್ಸ್‌ಎಫ್‌ಸಿಇ ತೀರ ಹಗುರ, ಆದರೆ ನಮ್ಮ ಯಂತ್ರಗಳಿಗೆ ಅಷ್ಟು ಉಪವಾಸ ಬೇಕಿರಲಿಲ್ಲ. ಸಿನಮನ್‌ಗೆ ಬಂದು ನಿಂತೆವು. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ಪಕ್ಕದಲ್ಲಿ ಐಕಾನ್‌ಗಳು. "ಇದು ನಮ್ಮ ಹಳೇದರ ಹಾಗೇ ಉಂಟು" ಎಂದರು ಶೆಟ್ಟರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಶುಕ್ರವಾರ ಹಾಕಿದೆ. ಒಂದು ಕೌಂಟರ್ ಇಂಗ್ಲಿಷ್‌ನಲ್ಲಿ, ಬಿಜುವಿಗೆ. ಇನ್ನೊಂದು ಅರಬ್ಬಿಯಲ್ಲಿ, ಮರಿಯಮ್‌ಗೆ. ಮರಿಯಮ್ ಮತ್ರಾದಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು. ಯಾವ ಹಂಡೆಯಲ್ಲಿ ಎಷ್ಟು ಜನಕ್ಕೆ ಅನ್ನವಾಗುತ್ತದೆಂದು ಮುಚ್ಚಳ ನೋಡಿಯೇ ಹೇಳುತ್ತಿದ್ದಳು. ತನ್ನ ಭಾಷೆಯಲ್ಲಿ ಇಡೀ ಪರದೆ ಕಂಡು ಖುಷಿಪಟ್ಟಳು. ಶನಿವಾರ ಏನೂ ತೊಂದರೆಯಾಗಲಿಲ್ಲ. ನಾನು ಅಲ್ ಹೈಲ್‌ನ ಮನೆಗೆ ಸೀಟಿ ಹಾಕುತ್ತ ಹೋದೆ.

ಅದರ ಮರುದಿನವೋ ಅದರ ಮಾರನೆಯ ದಿನವೋ ಗದ್ದಲ ಶುರುವಾಯಿತು. ಆ ಅಂಗಡಿಯಲ್ಲಿ ಯಾರೂ ಒಂದೇ ಕುರ್ಚಿಗೆ ಅಂಟಿಕೊಂಡು ಕೂರುತ್ತಿರಲಿಲ್ಲ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಬಿಜು ಹಂಡೆ ಇಳಿಸಲು ಅಟ್ಟ ಹತ್ತಿದರೆ ಅವನ ಕುರ್ಚಿಗೆ ಮರಿಯಮ್. ಮರಿಯಮ್ ಗಿರಾಕಿಯ ಹೆಂಡತಿಯೊಂದಿಗೆ ಒಳಗೆ ಹೋದರೆ ಅವಳ ಕುರ್ಚಿಗೆ ಬಿಜು. ಅರಬ್ಬಿ ಬಲದಿಂದ ಎಡಕ್ಕೆ ಓದುವ ಭಾಷೆ. ಅರಬ್ಬಿಗೆ ತಿರುಗಿಸಿದ ಡೆಸ್ಕ್‌ಟಾಪ್ ಅಕ್ಷರಗಳನ್ನು ಮಾತ್ರವಲ್ಲ, ಇಡೀ ಜೋಡಣೆಯನ್ನೇ ತಿರುಗಿಸುತ್ತದೆ. ಎಡಮೂಲೆಯ ಮೆನು ಬಲಮೂಲೆಗೆ, ಐಕಾನ್‌ಗಳ ಸಾಲು ಹಿಂದುಮುಂದು. ಇವರಿಬ್ಬರೂ ಹೆಸರು ಓದಿ ಒತ್ತುವವರಲ್ಲ, ಕಣ್ಣು ಗಿರಾಕಿಯ ಮೇಲಿಟ್ಟು ಕೈಯ ರೂಢಿಯಲ್ಲಿ ಒತ್ತುವವರು. ಬಿಲ್ ಎಂದು ಒತ್ತಿದರೆ ಸ್ಟಾಕ್ ತೆರೆಯಿತು. ಸ್ಟಾಕ್ ಎಂದರೆ ಪ್ರಿಂಟರ್. ಮದುವೆಯ ಹಂಡೆ ಕೊಳ್ಳಲು ಬಂದ ಮುದುಕಿಯೊಬ್ಬಳು ತಲೆವಸ್ತ್ರದ ಅಂಚಿನಿಂದ ಗಾಳಿ ಹಾಕಿಕೊಳ್ಳುತ್ತ ಮರಿಯಮ್‌ಗೆ ಏನೋ ಅಂದಳು. ಏನೆಂದು ಕೇಳಿದೆ.

"ಬಿಲ್ ಬರುವಷ್ಟರಲ್ಲಿ ಮೊಮ್ಮಗನ ಮದುವೆಯೂ ಬಂದೀತು ಅಂತಾಳೆ," ಎಂದು ಹಿಂದಿಯಲ್ಲಿ ಹೇಳಿ ಮರಿಯಮ್ ನನ್ನತ್ತ ತಿರುಗಿದಳು. "ಪಾಟೀಲ್ ಭಾಯ್, ಯೇ ಕ್ಯಾ ಕಿಯಾ? ಪೂರಾ ದುಕಾನ್ ಉಲ್ಟಾ!"

ಮಧ್ಯಾಹ್ನ ಒಂದಕ್ಕೆ ಶಟರ್ ಅರ್ಧ ಇಳಿಯಿತು. ನಾಲ್ಕರವರೆಗೆ ಬಿಡುವು.

"ಎರಡನ್ನೂ ಇಂಗ್ಲಿಷ್ ಮಾಡೂಣು ಅಂದ್ರ ಸಾಹೇಬ್ರು ಒಪ್ಪೂದಿಲ್ಲ ಶೆಟ್ರ," ಎಂದೆ.

"ಎರಡನ್ನೂ ಅರಬ್ಬಿ ಮಾಡಿದ್ರೆ ಬಿಜುವಿಗೆ ಓದ್ಲಿಕ್ಕೆ ಬರುದಿಲ್ಲ."

"ಕುರ್ಚಿ ಬದಲಿಸಬ್ಯಾಡ್ರಿ ಅಂತ ಹೇಳ್ರಲಾ."

ಶೆಟ್ಟರಿಗೆ ಸಿಟ್ಟು ಬಂತು. "ಪಾಟೀಲ್ರೆ, ನಾನು ಇಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದೇನೆ. ಇಬ್ಬರು ನಾಲ್ಕು ಜನರ ಕೆಲಸ ಮಾಡುದು ಹೀಗೇ. ನಿಮ್ಮ ಕಂಪ್ಯೂಟರಿಗೋಸ್ಕರ ಅಂಗಡಿ ನಡೆಸ್ಲಿಕ್ಕೆ ಆಗುದಿಲ್ಲ ನನಗೆ. ಈ ಅಂಗಡಿಗೆ ಎರಡು ಗಲ್ಲಿಯಿಂದ ಎರಡು ಬಾಗಿಲು ಉಂಟಲ್ಲ, ಕೌಂಟರ್ ಯಾಕೆ ನಡುವಲ್ಲಿ ಇಟ್ಟಿದ್ದು? ಯಾವ ಬಾಗಿಲಿಂದ ಬಂದ್ರೂ ಸಿಗ್ಲಿ ಅಂತ."

ಇಷ್ಟು ಅವರು ಹೇಳಿದ್ದು ನನಗೆ ಖಚಿತ. ಮುಂದಿನದು ಅಲ್ಲ. ಸಿನಮನ್‌ನ ಕೆಳಪಟ್ಟಿಗೆ ಎಡ, ನಡು, ಬಲ ಎಂದು ಮೂರು ಭಾಗಗಳಿವೆ. ನಾನು ಎರಡೂ ಯಂತ್ರಗಳ ಪಟ್ಟಿಯನ್ನು ಬದಲಾಯಿಸಲು ಬರುವಂತೆ ತೆರೆದಿಟ್ಟು, ಹಿಂದಿನ ಕೋಣೆಗೆ ಊಟಕ್ಕೆ ಹೋದೆ. ಅಥವಾ ಊಟ ಮುಗಿಸಿ ಬಂದು ತೆರೆದೆ. ನಾಲ್ಕಕ್ಕೆ ಶಟರ್ ಏಳುವಾಗ ಎರಡೂ ಪರದೆಗಳಲ್ಲಿ ಮೂರು ಐಕಾನ್‌ಗಳು ನಟ್ಟನಡುವೆ ಇದ್ದವು: ನಡುವೆ ಬಿಲ್, ಅದರ ಒಂದು ಕಡೆ ಸ್ಟಾಕ್, ಇನ್ನೊಂದು ಕಡೆ ಪ್ರಿಂಟರ್. ಅರಬ್ಬಿಯಲ್ಲಿ ಅಕ್ಕಪಕ್ಕದವು ಜಾಗ ಬದಲಿಸಿದರೂ ಬಿಲ್ ಕದಲುವುದಿಲ್ಲ. ದಿನಕ್ಕೆ ನೂರು ಸಲ ಬೇಕಾದದ್ದು ಅದೊಂದೇ. ನಾನು ಬಿಲ್ಲಿನ ಪುಟ ಪರದೆ ತುಂಬ ತೆರೆಯುವಂತೆ ಮಾಡಿದೆ. ಕಿಟಕಿ ಮುಚ್ಚುವ ಗುರುತನ್ನು ಹುಡುಕುವ ಕೆಲಸವೂ ತಪ್ಪಿತು. ಇದನ್ನು ಮಾಡಿದ್ದು ನಾನೇ, ಅನುಮಾನವಿಲ್ಲ.

ಆಮೇಲೆ ಆ ಗುರುವಾರ ಅಥವಾ ಬುಧವಾರದ ಸಂಜೆ ಖಾಲಿದ್ ಸಾಹೇಬರು ಹೇಳದೆ ಕೇಳದೆ ಬಂದರು. ಗಲ್ಲಿಯ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಜನವೋ ಜನ. ಮರಿಯಮ್ ಬಿಜುವಿನ ಕುರ್ಚಿಯಲ್ಲಿ ಇಂಗ್ಲಿಷ್ ಪರದೆಯನ್ನು ಗಿರಾಕಿಯ ಕಡೆ ತಿರುಗಿಸಿ ಥರ್ಮಸ್ಸಿನ ಚಿತ್ರ ತೋರಿಸುತ್ತಿದ್ದಳು. ಬಿಜು ಅರಬ್ಬಿ ಕೌಂಟರ್‌ನಲ್ಲಿ. ಸಾಹೇಬರು ಸರತಿಯಲ್ಲಿ ನಿಂತು ಒಂದು ಕಹ್ವಾ ಬಟ್ಟಲಿನ ಸೆಟ್ಟನ್ನು ಅವನ ಮುಂದಿಟ್ಟರು.

"ತುಮ್ಕೊ ಅರಬಿ ಆತಾ ಹೈ?"

"ನೋ ಸರ್," ಎಂದ ಬಿಜು. ಸಾಹೇಬರ ಮುಖದಿಂದ ಕಣ್ಣು ಕೀಳಲಿಲ್ಲ, ಕೈ ನಡುವಿನ ಐಕಾನ್ ಒತ್ತಿತು, ಬಾರ್‌ಕೋಡ್ ಕೂಗಿತು, ಚೀಟಿ ಹೊರಬಂತು. "ಬಟ್ ಬಿಲ್ಲಿಂಗ್ ಆತಾ ಹೈ."

ಸಾಹೇಬರು ನಕ್ಕರು. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, ಎಲ್ಲ ಸರಿಯಿದೆ ಎಂಬಂತೆ ತಲೆದೂಗಿ, "ತಮಾಮ್. ಶೆಟ್ಟಿ, ದುಕಾನ್ ಚಲಾವೊ" ಎಂದು ಜನರ ನಡುವೆ ನುಗ್ಗಿ ಹೊರಟರು. ಶೆಟ್ಟರು ಒಂದು ಹಂಡೆಯ ಮುಚ್ಚಳ ಎತ್ತಿ, ಇನ್ನೊಂದು ಮುಚ್ಚಳಕ್ಕೆ ಜೋರಾಗಿ ಬಡಿದರು. ಇಡೀ ಸೂಕ್ ತಿರುಗಿ ನೋಡಿತು. ಮರಿಯಮ್ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಎರಡು ತಿಂಗಳಲ್ಲಿ ಅಜೈಬಾದ ಮ್ಯಾನೇಜರ್ ನನಗೆ ಫೋನ್ ಮಾಡಿ, "ಆ ಮತ್ರಾದ್ದು ನಮಗೂ ಹಾಕಿಕೊಡಿ" ಎಂದರು. ಹಾಕಿಕೊಟ್ಟೆ, ಎದೆಯುಬ್ಬಿಸಿಕೊಂಡೇ ಹಾಕಿಕೊಟ್ಟೆ.

ಡಿಸ್ಟ್ರಿಬ್ಯೂಷನ್ ಆರಿಸುವವನು ಯಂತ್ರವನ್ನು ಪರೀಕ್ಷಿಸಿದರೆ ಸಾಕು. ಡೆಸ್ಕ್‌ಟಾಪ್ ಆರಿಸುವವನು ಆ ಕುರ್ಚಿಯ ಹತ್ತಿರ ಒಂದು ಗದ್ದಲದ ಸಂಜೆ ನಿಂತು, ಯಾರು ಎದ್ದು ಯಾರು ಕೂರುತ್ತಾರೆಂದು ನೋಡಬೇಕು. ಇಷ್ಟು ಆ ಕೆಲಸ ನನಗೆ ಕಲಿಸಿತು.

ಬಿಲ್ಲಿನ ಐಕಾನನ್ನು ನಡುವಿಗೆ ಎಳೆದದ್ದು ನಾನೆಂದು ಬಹುಕಾಲ ಹೇಳಿಕೊಂಡೆ. ಶೆಟ್ಟರನ್ನು ಕೇಳಿದರೆ, "ನಾನು ಮೌಸ್ ಮುಟ್ಟಿದ್ದು ಯಾವಾಗ ಮಾರಾಯ್ರೆ, ಅದು ಮರಿಯಮ್" ಎನ್ನುತ್ತಾರೆ. ತಾನು ನಮಾಜು ಮುಗಿಸಿ ಬರುವಾಗ ಅದು ಆಗಲೇ ಹಾಗಿತ್ತೆಂದು ಮರಿಯಮ್ ಹೇಳುತ್ತಾಳೆ. ಬಿಜು ಮಾತ್ರ ತಲೆ ಕೆರೆದುಕೊಂಡು, "ಸರ್, ಐ ಥಾಟ್ ಅಪ್‌ಡೇಟ್" ಎಂದ. ನನ್ನ ಕೈ ಮೌಸ್ ಮೇಲಿದ್ದದ್ದು ನೆನಪಿದೆ. ಅದೇ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಮೊಸರನ್ನ ಕಲಸುತ್ತಿದ್ದದ್ದೂ ನೆನಪಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಅದನ್ನು ಮಾಡಿದ್ದು ಯಾರೆಂದು ನನಗೆ ಗೊತ್ತಿಲ್ಲ.